ಕಾವೇರಿಯ ಬಿಳಿಮೀನಿಗೆ ರೇಡಿಯೋ ಟ್ಯಾಗ್: ಮುತ್ತತ್ತಿ–ಸಂಗಮದ ನಡುವೆ ಹೇಗೆ ಮಾಡೋದು?

ಹೊಳೆಸಾಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶಿವನಸಮುದ್ರದ ಜಲಪಾತದ ಕೆಳಗಿಂದ ಮೇಕೆದಾಟಿನವರೆಗೆ ಉಳಿದಿರುವ ಗೂನುಬೆನ್ನಿನ ಮಹಶೀರ್, ಅಂದರೆ ನಮ್ಮ ಕಡೆಯ ಬಿಳಿಮೀನು, ಮುಂಗಾರಿನ ಹೊಸ ನೀರು ಬಂದಾಗ ಎಲ್ಲಿಗೆ ಹೋಗುತ್ತೆ ಅಂತ ತಿಳಿಯುವ ಯೋಜನೆಯೊಂದನ್ನ ಬರೀತಿದ್ದೇವೆ. ಮೇಲಕ್ಕೆ ಹೋಗೋಣ ಅಂದರೆ ಜಲಪಾತ ಅಡ್ಡ. ಹಾಗಾಗಿ ಮೊಟ್ಟೆ ಇಡೋಕೆ ಶಿಂಷಾ, ಅರ್ಕಾವತಿಯಂಥ ಉಪನದಿಗಳಿಗೆ ನುಗ್ಗುತ್ತಾ, ಅಥವಾ ಮುಖ್ಯ ನದಿಯ ಜಲ್ಲಿಹಾಸಿನಲ್ಲೇ ಮುಗಿಸುತ್ತಾ ಅನ್ನೋದು ಪ್ರಶ್ನೆ. ಮೇಕೆದಾಟಿನ ಅಣೆಕಟ್ಟೆ ಪ್ರಸ್ತಾವ ಇರುವಾಗ ಇದು ಬರೀ ಕುತೂಹಲದ ಮಾತಲ್ಲ.

20 ರೇಡಿಯೋ ಟ್ಯಾಗ್ ಮತ್ತು ಬ್ಯಾಟರಿಯಿಲ್ಲದ, ಹತ್ತಿರ ಹಿಡಿದ ರೀಡರ್‌ಗೆ ಮಾತ್ರ ನಂಬರ್ ಹೇಳುವ ಒಂದಷ್ಟು ಪುಟ್ಟ ಪಿಟ್ ಟ್ಯಾಗ್‌ಗೆ ಹಣ ಹೊಂದುತ್ತೆ. ರೇಡಿಯೋ ಬದಲು ಅಕೌಸ್ಟಿಕ್ ಟ್ಯಾಗ್ ತಗೊಳ್ಳಿ ಅಂತ ಕೆಲವರು ಹೇಳ್ತಾರೆ. ಅರಿವಳಿಕೆಗೆ ಎಂಎಸ್-222 ಒಳ್ಳೇದೋ ಲವಂಗದ ಎಣ್ಣೆಯೋ, ಮೀನು ಹಿಡಿಯೋಕೆ ಯಾವ ತಿಂಗಳು, ಟ್ಯಾಗ್ ಒಂದೇ ಕಡೆ ನಿಂತರೆ ಮೀನು ಸತ್ತಿದೆಯೋ ಮಡುವಿನಲ್ಲಿ ತಣ್ಣಗೆ ಕೂತಿದೆಯೋ ಅಂತ ಗೊತ್ತು ಮಾಡೋದು ಹೇಗೆ, ಇವಿಷ್ಟು ಗೊಂದಲ. ಎಲ್ಲಕ್ಕಿಂತ ಮೊದಲು, ಅಳಿವಿನಂಚಿನ ಮೀನಿನ ಹೊಟ್ಟೆ ಯಾಕೆ ಕುಯ್ಯಬೇಕು ಅಂತ ನಮ್ಮ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯವರು ಕೇಳೇ ಕೇಳ್ತಾರೆ. ಅದಕ್ಕೆ ಏನು ಉತ್ತರ ಕೊಡೋದು?

ಯಾಗಿ_ಆಂಟೆನಾ

ನದಿಯ ಆ ಪಟ್ಟಿಗೆ ರೇಡಿಯೋನೇ ಸರಿ. ಅಕೌಸ್ಟಿಕ್ ಟ್ಯಾಗ್ ಶಬ್ದದ ಮೇಲೆ ನಡೆಯೋದು. ಬಂಡೆಗಳ ನಡುವೆ ನೊರೆ ಎದ್ದು ಹರಿಯುವ ನೀರಿನಲ್ಲಿ ಗಾಳಿಗುಳ್ಳೆಗಳೇ ಆ ಶಬ್ದವನ್ನ ನುಂಗಿಹಾಕುತ್ತವೆ. ಮೇಲಾಗಿ ರಿಸೀವರ್ ನೀರಿನೊಳಗೆ ಇರಬೇಕು, ಮೊದಲ ಪ್ರವಾಹಕ್ಕೇ ಅದು ಮೆಟ್ಟೂರಿನ ದಾರಿ ಹಿಡಿಯುತ್ತೆ. ಮೆಟ್ಟೂರು ಜಲಾಶಯದ ಹಿನ್ನೀರಿನಲ್ಲಿ ಕೆಲಸ ಅಂದಿದ್ದರೆ ನಾನೂ ಅಕೌಸ್ಟಿಕ್ ಅನ್ನುತ್ತಿದ್ದೆ.

ರೇಡಿಯೋಗೆ ಇರುವ ಶತ್ರು ಎರಡು: ಆಳ, ಮತ್ತು ನೀರಿನಲ್ಲಿ ಕರಗಿರುವ ಲವಣ. ಆಳ 10 ಮೀಟರ್ ಹತ್ತಿರ ಬಂದರೆ, ಅಥವಾ ನೀರಿನ ವಿದ್ಯುತ್ ವಾಹಕತೆ 500 ಮೈಕ್ರೋಸೀಮೆನ್ಸ್ ದಾಟಿದರೆ ಸಿಗ್ನಲ್ ಬಡವಾಗುತ್ತೆ. ಇಲ್ಲೊಂದು ಸ್ಥಳೀಯ ಸಮಸ್ಯೆ ಇದೆ. ಬೆಂಗಳೂರಿನ ಕೊಳಚೆ ವೃಷಭಾವತಿಯಿಂದ ಅರ್ಕಾವತಿಗೆ, ಅಲ್ಲಿಂದ ಸಂಗಮದಲ್ಲಿ ಕಾವೇರಿಗೆ ಸೇರುತ್ತೆ. ಬೇಸಿಗೆಯಲ್ಲಿ ಸಂಗಮದ ಮೇಲಿನ ನೀರಿಗೂ ಕೆಳಗಿನ ನೀರಿಗೂ ವಾಹಕತೆ ಒಂದೇ ಇರಲ್ಲ. ಒಂದೇ ಜಾಗದಲ್ಲಿ ದೂರ ಪರೀಕ್ಷೆ ಮಾಡಿ ಇಡೀ ಪಟ್ಟಿಗೆ ಅನ್ವಯಿಸಿದರೆ, ಅರ್ಕಾವತಿಯೊಳಗೆ ಹೋದ ಮೀನು ನಿಮಗೆ ಕಾಣಿಸೋದೇ ಇಲ್ಲ, 'ಉಪನದಿಗೆ ಹೋಗಲ್ಲ' ಅಂತ ತಪ್ಪು ತೀರ್ಮಾನ ಬರೆದುಬಿಡ್ತೀರಿ. ತೆಪ್ಪದಿಂದ ಒಂದು ಟ್ಯಾಗನ್ನ ಕಲ್ಲು ಕಟ್ಟಿದ ಹಗ್ಗಕ್ಕೆ ಬಿಗಿದು 1, 3, 5, 8 ಮೀಟರ್ ಆಳಕ್ಕೆ ಇಳಿಬಿಡಿ. ಪ್ರತಿ ಆಳದಲ್ಲೂ ದಡದ ಮೇಲಿನ ಆಂಟೆನಾಗೆ ಎಷ್ಟು ದೂರದವರೆಗೆ ಕೇಳುತ್ತೆ ಬರೆದುಕೊಳ್ಳಿ. ಸಂಗಮದ ಮೇಲೊಮ್ಮೆ, ಕೆಳಗೊಮ್ಮೆ, ಅರ್ಕಾವತಿ ಮತ್ತು ಶಿಂಷಾ ಬಾಯಲ್ಲಿ ಒಂದೊಂದು ಸಲ. ಬೇಸಿಗೆಯಲ್ಲಿ ಮಾಡಿದ್ದನ್ನ ಪ್ರವಾಹ ಇಳಿದ ಮೇಲೆ ಮತ್ತೆ ಮಾಡಿ.

ಸ್ಥಿರ ಕೇಂದ್ರಗಳು ಶಿಂಷಾ ಬಾಯಿ, ಸಂಗಮ, ಮೇಕೆದಾಟಿನ ಕೊರಕಲಿನ ಮೇಲೆ ಇದ್ದರೆ ಮುಖ್ಯ ದಾರಿಗಳೆಲ್ಲ ಕಾವಲಿಗೆ ಬಂದಂತೆ. ಪ್ರತಿ ಕೇಂದ್ರದಲ್ಲೂ ಎರಡು ಯಾಗಿ ಆಂಟೆನಾ (ಮುಖ ಮಾಡಿದ ದಿಕ್ಕಿನಿಂದಲೇ ಚೆನ್ನಾಗಿ ಕೇಳುವಂಥದ್ದು), ಒಂದು ಮೇಲ್ಹರಿವಿಗೆ ಮುಖ ಮಾಡಿ, ಒಂದು ಕೆಳಗೆ. ಯಾವುದರಲ್ಲಿ ಸಿಗ್ನಲ್ ಮೊದಲು ಏರಿತು, ಯಾವುದರಲ್ಲಿ ಕೊನೆಗೆ ಇಳೀತು ಅನ್ನೋದರಿಂದ ಮೀನು ಹೋದ ದಿಕ್ಕು ತಿಳಿಯುತ್ತೆ. ಉಪನದಿಯ ಬಾಯಲ್ಲಿ ಮೂರನೇದೊಂದು ಉಪನದಿಯ ಒಳಕ್ಕೆ ನೋಡುವಂತೆ ಇರಲಿ.

20 ಟ್ಯಾಗಿಗೆ 20 ಫ್ರೀಕ್ವೆನ್ಸಿ ತಗೋಬೇಡಿ. ಒಂದೇ ಫ್ರೀಕ್ವೆನ್ಸಿಯಲ್ಲೂ ತನ್ನದೇ ಗುರುತು ಕಳಿಸುವ, ಕೋಡ್ ಇರುವ ಟ್ಯಾಗ್ ತಗೊಂಡು 4 ಫ್ರೀಕ್ವೆನ್ಸಿಗೆ ಐದೈದು ಹಂಚಿ. ಲೆಕ್ಕ ನೋಡಿ: ಒಂದು ಫ್ರೀಕ್ವೆನ್ಸಿಗೆ 8 ಸೆಕೆಂಡ್ ಕಿವಿಗೊಟ್ಟರೆ 4 ಫ್ರೀಕ್ವೆನ್ಸಿ, 2 ಆಂಟೆನಾಗೆ ಒಂದು ಸುತ್ತು 64 ಸೆಕೆಂಡ್. ಪ್ರವಾಹದಲ್ಲಿ ಸೆಕೆಂಡಿಗೆ 2 ಮೀಟರ್‌ನಂತೆ ಕೆಳಗೆ ಬರುವ ಮೀನು 300 ಮೀಟರ್ ವಲಯ ದಾಟೋಕೆ 150 ಸೆಕೆಂಡ್ ಬೇಕು, ಎರಡು ಸಲ ಸಿಕ್ಕಿಬೀಳುತ್ತೆ. ಅದೇ 20 ಫ್ರೀಕ್ವೆನ್ಸಿ ಇಟ್ಟರೆ ಒಂದು ಸುತ್ತಿಗೆ 320 ಸೆಕೆಂಡ್. ಮೀನು ಹಾದುಹೋಗಿ ಎಷ್ಟೋ ಹೊತ್ತಾಗಿರುತ್ತೆ.

ವಿದ್ಯುತ್ತಿಗೆ: ರಿಸೀವರ್ 0.3 ಆಂಪ್ ಎಳೆಯುತ್ತೆ ಅಂದುಕೊಂಡರೆ ದಿನಕ್ಕೆ 7.2 ಆಂಪ್-ಅವರ್. ಐದು ದಿನ ಬಿಸಿಲೇ ಇಲ್ಲದಿದ್ದರೆ 36. ಲೆಡ್ ಆಸಿಡ್ ಬ್ಯಾಟರಿಯನ್ನ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ 75ರದ್ದು ಹಾಕಿ. ಕಂಬ ನೆಟ್ಟರೆ ಆನೆ ಬಿಡಲ್ಲ. ಅರಣ್ಯ ಇಲಾಖೆಯ ಕಾವಲು ಕ್ಯಾಂಪಿನ ಚಾವಣಿ ಸಿಕ್ಕರೆ ಅದೇ ಉತ್ತಮ, ಇಲ್ಲದಿದ್ದರೆ ಆನೆ ಹತ್ತಲಾಗದ ಬಂಡೆಯ ನೆತ್ತಿ. ಕೆಆರ್‌ಎಸ್ ಮತ್ತು ಕಬಿನಿ ಎರಡರಿಂದಲೂ ಒಟ್ಟಿಗೆ ನೀರು ಬಿಟ್ಟಾಗ ಎಲ್ಲಿವರೆಗೆ ಏರಿತ್ತು ಅಂತ ಅಲ್ಲಿನ ವಾಚರ್‌ಗಳನ್ನ ಕೇಳಿ, ಅದಕ್ಕಿಂತ ಮೇಲೆ ಕಟ್ಟಿ.

ಮತ್ಸ್ಯವೈದ್ಯೆ

ಸಮಿತಿಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಮೀನಿನ ಕ್ಷೇಮ ಅನ್ನುವುದನ್ನು ಅನುಮತಿಗಾಗಿ ಬರೆಯುವ ಒಂದು ಪ್ಯಾರಾ ಎಂದು ತಿಳಿಯಬೇಡಿ. ಸುಸ್ತಾದ, ಗಾಯ ಮಾಯದ ಮೀನು ವಲಸೆ ಹೋಗುವುದಿಲ್ಲ, ಅಥವಾ ಹರಿವಿನ ಜೊತೆ ಸುಮ್ಮನೆ ಕೆಳಗೆ ತೇಲುತ್ತದೆ. ನಿಮ್ಮ ನಕ್ಷೆಯಲ್ಲಿ ಎರಡೂ 'ಚಲನೆ'ಯಾಗಿಯೇ ಕಾಣುತ್ತವೆ. ಹೀಗೆ ಬರೆದರೆ ಸಮಿತಿಯವರಿಗೂ ಅರ್ಥವಾಗುತ್ತದೆ.

ಕಾಲ: ಡಿಸೆಂಬರ್‌ನಿಂದ ಫೆಬ್ರವರಿ. ನೀರು ತಂಪು, ಮಟ್ಟ ಒಂದು ಹದಕ್ಕೆ ಬಂದಿರುತ್ತದೆ, ಮುಂಗಾರಿನ ಹೊತ್ತಿಗೆ ಗಾಯ ಪೂರ್ತಿ ಮಾಗಿರುತ್ತದೆ. ಏಪ್ರಿಲ್-ಮೇನಲ್ಲಿ ನೀರು ಕಾದು ಆಮ್ಲಜನಕ ಕಡಿಮೆ. ಜೂನ್ ನಂತರ ಹೆಣ್ಣಿನ ಹೊಟ್ಟೆ ತುಂಬ ಮೊಟ್ಟೆ, ಆಗ ಟ್ಯಾಗ್ ತುರುಕಲು ಜಾಗವೂ ಇಲ್ಲ, ತುರುಕುವುದು ನ್ಯಾಯವೂ ಅಲ್ಲ.

ಹಿಡಿಯುವುದು ಗಾಳದಿಂದಲೇ. ಬಂಡೆಗಳ ನಡುವೆ ಬಲೆ ಸಿಕ್ಕಿಕೊಳ್ಳುತ್ತದೆ, ಬೀಡುಬಲೆಯಲ್ಲಿ ಕಿವಿರು ಹರಿಯುತ್ತದೆ. ವಿದ್ಯುತ್ ಹಾಯಿಸಿ ಹಿಡಿದರೆ ದೊಡ್ಡ ಮೀನಿನ ಬೆನ್ನುಮೂಳೆ ಮುರಿಯುವ ಅಪಾಯ. ಅಲ್ಲಿನ ರಾಗಿ ಮುದ್ದೆಯ ಉಂಡೆಯೇ ಸಾಕು. ಗಾಳ ಮಾತ್ರ ಹಿಮ್ಮುಳ್ಳು ಇಲ್ಲದ್ದು, ಒಂಟಿ ಕೊಕ್ಕೆಯದು. ದಾರ ಗಟ್ಟಿಯದೇ ಇರಲಿ: ತೆಳು ದಾರದಲ್ಲಿ ಆಟವಾಡಿಸಿದಷ್ಟೂ ಮೀನಿನ ರಕ್ತದಲ್ಲಿ ದಣಿದಾಗ ಸೇರುವ ಲ್ಯಾಕ್ಟೇಟ್ ಏರುತ್ತದೆ. ಹೋರಾಟ 10 ನಿಮಿಷ ದಾಟಿದರೆ ಆ ಮೀನಿಗೆ ಶಸ್ತ್ರಚಿಕಿತ್ಸೆ ಬೇಡ, ಪಿಟ್ ಟ್ಯಾಗ್ ಚುಚ್ಚಿ ಬಿಟ್ಟುಬಿಡಿ. ಗಂಟಲೊಳಗೆ ಕೊಕ್ಕೆ ಹೋಗಿದ್ದರೆ ಕೀಳಲು ಹೋಗದೆ ದಾರ ಕತ್ತರಿಸಿ. ಗಂಟಿಲ್ಲದ, ರಬ್ಬರ್ ಲೇಪದ ಕೈಬಲೆ ಬಳಸಿ. ಕಿವಿರಿಗೆ ನೀರು ಸಿಗದೆ ಹೊರಗೆ ಒಟ್ಟು 10 ಸೆಕೆಂಡಿಗಿಂತ ಹೆಚ್ಚು ಬೇಡ. ಫೋಟೋ ತೆಗೆಯುವುದೂ ಅದರೊಳಗೇ.

ಅರಿವಳಿಕೆ ಎರಡೂ ನಡೆಯುತ್ತದೆ. ಎಂಎಸ್-222 ಆದರೆ ಲೀಟರಿಗೆ 80–100 ಮಿ.ಗ್ರಾಂ. ಅದು ನೀರನ್ನು ಹುಳಿಯಾಗಿಸಿ ಕಿವಿರು ಸುಡುತ್ತದೆ, ಆದ್ದರಿಂದ ಅದರ ಎರಡರಷ್ಟು ತೂಕದ ಅಡುಗೆ ಸೋಡಾ ಬೆರೆಸಿ ಪಿಎಚ್ ನದಿಯ ನೀರಿನಷ್ಟೇ ಇದೆಯೇ ನೋಡಿ. ಲವಂಗದ ಎಣ್ಣೆಯ ಯೂಜಿನಾಲ್ ಆದರೆ ಲೀಟರಿಗೆ 30 ಮಿ.ಗ್ರಾಂನಿಂದ ಶುರು ಮಾಡಿ. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಒಂದು ಪಾಲು ಯೂಜಿನಾಲ್‌ಗೆ ಒಂಬತ್ತು ಪಾಲು ಎಥೆನಾಲ್ ಬೆರೆಸಿದ ದ್ರಾವಣ ಮೊದಲೇ ಮಾಡಿಟ್ಟುಕೊಂಡರೆ 100 ಲೀಟರ್ ತೊಟ್ಟಿಗೆ ಅದರಲ್ಲಿ ಸುಮಾರು 28 ಮಿ.ಲೀ. ಅಂಗಡಿಯ ಲವಂಗದ ಎಣ್ಣೆಯಲ್ಲಿ ಯೂಜಿನಾಲ್ ಪ್ರಮಾಣ ಬಾಟಲಿಯಿಂದ ಬಾಟಲಿಗೆ ಬೇರೆ, ಆದ್ದರಿಂದ ಶುದ್ಧ ಯೂಜಿನಾಲ್ ಕೊಳ್ಳಿ. ನೀರು ಬೆಚ್ಚಗಾದಷ್ಟೂ ಅದೇ ಪ್ರಮಾಣ ಬೇಗ ಏರುತ್ತದೆ. ಬೆಳಿಗ್ಗೆ ಏಳಕ್ಕೆ ಹದವಾಗಿದ್ದ ತೊಟ್ಟಿ ಹನ್ನೊಂದಕ್ಕೆ ಅಪಾಯಕಾರಿ.

ಮೀನು ಮಗುಚಿ, ಬಾಲದ ಬುಡ ಹಿಸುಕಿದರೂ ಅಲುಗದೆ, ಕಿವಿರುಮುಚ್ಚಳ ಮಾತ್ರ ನಿಧಾನಕ್ಕೆ ಆಡುತ್ತಿದ್ದರೆ ಅದೇ ಹಂತ. ಮುಚ್ಚಳ ನಿಂತರೆ ಅತಿಯಾಯಿತು, ಕೂಡಲೇ ಹೊಸ ನೀರಿಗೆ. ನೆನೆಸಿದ ಸ್ಪಂಜಿನ ವಿ ಆಕಾರದ ತೊಟ್ಟಿಲಿನಲ್ಲಿ ಅಂಗಾತ ಮಲಗಿಸಿ, ಕಣ್ಣಿನ ಮೇಲೆ ಒದ್ದೆ ಬಟ್ಟೆ, ಬಾಯಿಗೆ ಸಣ್ಣ ಪೈಪ್. ಪೈಪಿನಲ್ಲಿ ಮೊದಲು ಅರ್ಧ ಪ್ರಮಾಣದ ಅರಿವಳಿಕೆ ನೀರು, ಕೊನೆಯ ಹೊಲಿಗೆ ಶುರುವಾಗುತ್ತಲೇ ಬರೀ ನದಿಯ ನೀರು.

ಮಹಶೀರ್‌ನಲ್ಲಿ ತೊಡಕು ಚಿಪ್ಪಿನದು. ಅಂಗೈಯಗಲದ ಚಿಪ್ಪಿನ ಮೇಲೆ ಬ್ಲೇಡು ಜಾರುತ್ತದೆ, ಒತ್ತಿದರೆ ಒಮ್ಮೆಲೇ ಒಳಗಿಳಿದು ಕರುಳಿಗೆ ತಾಗುತ್ತದೆ. ಸೊಂಟದ ರೆಕ್ಕೆಗಳ ಮುಂದೆ, ನಡುಗೆರೆಯಿಂದ ತುಸು ಪಕ್ಕಕ್ಕೆ, ಒಂದೇ ಸಾಲಿನ ಮೂರು-ನಾಲ್ಕು ಚಿಪ್ಪು ಕಿತ್ತು, ಆ ಬರಿಯ ಚರ್ಮದಲ್ಲಿ ಟ್ಯಾಗ್ ತೂರುವಷ್ಟೇ, 2–3 ಸೆಂ.ಮೀ. ಸೀಳಿ. ಆಂಟೆನಾ ತಂತಿ ಅದೇ ಸೀಳಿನಿಂದ ಬಂದರೆ ಗಾಯ ಎಂದೂ ಕೂಡುವುದಿಲ್ಲ. ಟೊಳ್ಳು ಸೂಜಿಯಿಂದ ಹಿಂದೆ ಬೇರೆ ತೂತು ಮಾಡಿ ಅಲ್ಲಿಂದ ಹೊರಗೆಳೆಯಿರಿ. ಹೊಲಿಗೆಗೆ ಒಂಟಿ ಎಳೆಯ, ನಿಧಾನಕ್ಕೆ ಕರಗುವ ಪಾಲಿಡಯಾಕ್ಸನೋನ್ ದಾರ, 3-0 ದಪ್ಪದ್ದು, ಬಿಡಿಬಿಡಿಯಾಗಿ ಎರಡು-ಮೂರು ಗಂಟು. ಹೆಣೆದ ದಾರ ನೀರನ್ನೂ ಬ್ಯಾಕ್ಟೀರಿಯಾವನ್ನೂ ಬತ್ತಿಯ ಹಾಗೆ ಒಳಗೆಳೆಯುತ್ತದೆ. ಗಾಯದ ಅಂಚು ಕೂಡಿದರೆ ಸಾಕು, ಬಿಗಿದರೆ ಚರ್ಮ ಸತ್ತು ಹೊಲಿಗೆ ಹರಿಯುತ್ತದೆ. ಅಯೋಡಿನ್ ಸುರಿದು ತೊಳೆಯುವ ಚಾಳಿ ಬೇಡ, ಲೋಳೆಪೊರೆಯೇ ಮೀನಿನ ಮೊದಲ ರಕ್ಷಣೆ. ಟ್ಯಾಗನ್ನು ಕ್ಲೋರ್‌ಹೆಕ್ಸಿಡಿನ್‌ನಲ್ಲಿ ನೆನೆಸಿ ಸಲೈನ್‌ನಲ್ಲಿ ಜಾಲಿಸಿ. ಸೀಳಿನಿಂದ ಕೊನೆಯ ಗಂಟಿನವರೆಗೆ 5 ನಿಮಿಷದೊಳಗೆ.

ಕಬಿನಿಕಡೆಯವ

ಒಂದು ಮಾತು ಯಾರೂ ಹೇಳಿಲ್ಲ. ಆ ನೀರಿನಲ್ಲಿ ಗಾಳಕ್ಕೆ ಬೀಳೋ ಮಹಶೀರ್ ಎಲ್ಲಾ ನಿಮ್ಮ ಮೀನಲ್ಲ. ಲೋಣಾವಳದ ಮರಿ ಉತ್ಪಾದನಾ ಕೇಂದ್ರದಿಂದ ಬಂದ ನೀಲಿರೆಕ್ಕೆಯ ಮಹಶೀರ್, ಟೋರ್ ಖುದ್ರೀ, ದಶಕಗಳಿಂದ ಕಾವೇರಿಗೆ ಬಿಟ್ಟು ಬಿಟ್ಟು ಈಗ ಅದೇ ಜಾಸ್ತಿ. ಗೂನುಬೆನ್ನಿನದ್ದಕ್ಕೆ ತಲೆ ಹಿಂದಿನಿಂದ ಬೆನ್ನುರೆಕ್ಕೆವರೆಗೆ ಏರಿದ ಗೂನು, ಕಿತ್ತಳೆ ಬಣ್ಣದ ಬಾಲ. ನೀಲಿರೆಕ್ಕೆಯದ್ದಕ್ಕೆ ಹೆಸರೇ ಹೇಳುವಂತೆ ನೀಲಿ-ಬೂದು ರೆಕ್ಕೆ. ಸಂಶಯ ಬಂದ ಮೀನಿಗೆ ಟ್ಯಾಗ್ ಹಾಕಬೇಡಿ. ಎಲ್ಲದರಿಂದಲೂ ರೆಕ್ಕೆಯ ಚೂರು ಕತ್ತರಿಸಿ 95% ಎಥೆನಾಲ್‌ನಲ್ಲಿ ಇಟ್ಟರೆ ಡಿಎನ್‌ಎ ನೋಡಬಹುದು. ಗೂನುಬೆನ್ನಿನದಕ್ಕೆ ಟೋರ್ ರೆಮಾದೇವಿ ಅನ್ನೋ ವೈಜ್ಞಾನಿಕ ಹೆಸರು ಗಟ್ಟಿಯಾಗಿದ್ದೇ 2018ರಲ್ಲಿ. ಅದಕ್ಕೂ ಹಿಂದಿನ ವರದಿಗಳಲ್ಲಿ 'ಕಾವೇರಿ ಮಹಶೀರ್' ಅಂತ ಕಂಡರೆ ಯಾವುದರ ಬಗ್ಗೆ ಬರೆದಿದ್ದಾರೆ ಅಂತ ಎರಡು ಸಲ ನೋಡಿ.

ನನ್ನ ಅಭಿಪ್ರಾಯ ಖಂಡಿತ: ಮೊದಲ ವರ್ಷ 20ರಲ್ಲಿ 8 ಟ್ಯಾಗ್ ನೀಲಿರೆಕ್ಕೆಯದ್ದಕ್ಕೇ ಹಾಕಿ. ಶಸ್ತ್ರಚಿಕಿತ್ಸೆ ಕೈಗೆ ಹತ್ತುತ್ತೆ, ಕೇಂದ್ರಗಳು ಕೆಲಸ ಮಾಡ್ತವಾ ಗೊತ್ತಾಗುತ್ತೆ, ಹೋದರೆ ಹೊರಗಿನಿಂದ ತಂದುಬಿಟ್ಟ ಮೀನು ಹೋಗುತ್ತೆ. ಅದರಲ್ಲಿ ಎಲ್ಲವೂ ಬದುಕಿ ಓಡಾಡಿದರೆ ಮಾತ್ರ ಬಿಳಿಮೀನು ಮುಟ್ಟಿ.

ಇನ್ನೊಂದು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಕಡೆ ಹಿಂದೆ ಗಾಳದ ಶಿಬಿರಗಳಿದ್ದವು, ಮಡುಗಳಿಗೆ ರಾಗಿ ಹಾಕೋ ರೂಢಿ ಇತ್ತು. ಮೇವು ಬೀಳೋ ಮಡುವಿನ ಮೀನು ಅಲ್ಲೇ ಬೀಡುಬಿಡುತ್ತೆ. ನೀವೂ ಅಂಥ ಮಡುವಿಗೆ ವಾರಗಟ್ಟಲೆ ಮೇವು ಹಾಕಿ ಸುಲಭಕ್ಕೆ ಸಿಕ್ಕಿದ್ದನ್ನೇ ಹಿಡಿದರೆ, 'ಈ ಮೀನು ಜಾಸ್ತಿ ಓಡಾಡಲ್ಲ' ಅನ್ನೋ ಉತ್ತರವನ್ನ ನೀವೇ ಬರೆದುಕೊಂಡ ಹಾಗೆ.

ಹೊಳೆಸಾಲು

ನೀಲಿರೆಕ್ಕೆಯದ್ದರಲ್ಲಿ ಕೈ ಪಳಗಿಸೋದು ಒಪ್ಪಿಗೆ. ಮೇಡಂ, ಹೊಟ್ಟೆ ಕುಯ್ಯುವ ಬದಲು ಬೆನ್ನುರೆಕ್ಕೆಯ ಬುಡಕ್ಕೆ ಟ್ಯಾಗನ್ನ ಹೊರಗಿಂದಲೇ ಕಟ್ಟಬಹುದಲ್ವಾ? ಎರಡೇ ನಿಮಿಷದ ಕೆಲಸ. ಸತ್ತ ಮೀನಿನ ಪ್ರಶ್ನೆಗೂ ಯಾರಾದರೂ ಹೇಳಿ.

ಮತ್ಸ್ಯವೈದ್ಯೆ

ಕೆಲವು ವಾರಗಳ ಅಧ್ಯಯನಕ್ಕೆ ಹೊರಗೆ ಕಟ್ಟುವುದು ಸರಿ. ನಿಮಗೆ ಬೇಕಾದದ್ದು ಡಿಸೆಂಬರ್‌ನಿಂದ ಅಕ್ಟೋಬರ್. ಬಂಡೆ ಸಂದಿಯಲ್ಲಿ ಮೈ ಉಜ್ಜಿಕೊಂಡು ನುಗ್ಗುವ ಮೀನಿನ ಬೆನ್ನಿನ ಮೇಲೆ ಟ್ಯಾಗ್ ತಿಕ್ಕಿ ತಿಕ್ಕಿ ಹುಣ್ಣಾಗುತ್ತದೆ, ಪಾಚಿ ಬೆಳೆದು ಭಾರವಾಗುತ್ತದೆ, ಬಿಟ್ಟುಹೋದ ಬಲೆಯ ಎಳೆಗೆ ಸಿಕ್ಕಿಕೊಳ್ಳುತ್ತದೆ. ಹೊಟ್ಟೆಯೊಳಗೇ ಇರಲಿ.

ತೂಕದ ಬಗ್ಗೆ: ಗಾಳಿಯಲ್ಲಿ ತೂಗಿದ ಟ್ಯಾಗ್ ಮೀನಿನ ತೂಕದ ಶೇ. 2 ಮೀರಬಾರದು ಎಂಬುದು ಹಳೆಯ ರೂಢಿ. 1 ಕೆ.ಜಿ. ಮೀನಿಗೆ 20 ಗ್ರಾಂ, 5 ಕೆ.ಜಿ.ಗೆ 100 ಗ್ರಾಂ. ದೊಡ್ಡ ಮೀನಿಗೆ ತೂಕ ಸಮಸ್ಯೆಯೇ ಅಲ್ಲ. ಹಾಗೆಂದು ದೊಡ್ಡ ಬ್ಯಾಟರಿಯ ದಪ್ಪ ಟ್ಯಾಗ್ ಕೊಳ್ಳಬೇಡಿ. ದಪ್ಪವಾದಷ್ಟು ಸೀಳು ಉದ್ದವಾಗುತ್ತದೆ. ಒಂದು ಕಿಲೋಗಿಂತ ಸಣ್ಣವಕ್ಕೆ ಪಿಟ್ ಟ್ಯಾಗ್ ಮಾತ್ರ.

ಬಿಡುವ ಮುನ್ನ ಕನಿಷ್ಠ ಅರ್ಧ ಗಂಟೆ ನದಿಯಲ್ಲೇ, ನಿಧಾನ ಹರಿವಿನಲ್ಲಿ, ಮೆದು ಜಾಲರಿಯ ಚೀಲದಲ್ಲಿ ಇರಿಸಿ. ಬಾಲ ಹಿಡಿದರೆ ಚಿಮ್ಮುತ್ತದೆಯೇ, ಮಗುಚಿದರೆ ಮೂರು ಸೆಕೆಂಡಿನಲ್ಲಿ ನೆಟ್ಟಗಾಗುತ್ತದೆಯೇ, ಮೈ ವಾಲಿಸಿದಾಗ ಕಣ್ಣುಗುಡ್ಡೆ ಹೊರಳಿ ನಿಮ್ಮನ್ನೇ ನೋಡುತ್ತದೆಯೇ, ಬಾಯಿ-ಕಿವಿರು ಒಂದೇ ಲಯದಲ್ಲಿ ಆಡುತ್ತಿವೆಯೇ. ಇವುಗಳಲ್ಲಿ ಒಂದು ತಪ್ಪಿದರೂ ಬಿಡಬೇಡಿ. ಬಿಡುವುದು ಹಿಡಿದ ಮಡುವಿಗೇ, ಝರಿಯ ತಲೆಗಲ್ಲ. ಸುತ್ತ ಮೊಸಳೆ, ನೀರುನಾಯಿ ಇವೆಯೇ ಎಂದು ಹತ್ತು ನಿಮಿಷ ಮೊದಲೇ ನೋಡಿಕೊಳ್ಳಿ.

ಯಾಗಿ_ಆಂಟೆನಾ

ಸತ್ತ ಮೀನಿನ ಪ್ರಶ್ನೆಗೆ: ಚಲನೆ ಗುರುತಿಸುವ ಸೆನ್ಸರ್ ಇರುವ ಟ್ಯಾಗ್ ಕೇಳಿ. 12 ಅಥವಾ 24 ಗಂಟೆ ಅಲುಗದಿದ್ದರೆ ಅದರ ಮಿಡಿತದ ವೇಗವೇ ಬದಲಾಗುತ್ತೆ. ಆದರೆ ಅದನ್ನೇ ನಂಬಬೇಡಿ. ಝರಿಯಲ್ಲಿ ಕಲ್ಲಿಗೆ ಸಿಕ್ಕ ಸತ್ತ ಮೀನನ್ನ ನೀರು ಅಲ್ಲಾಡಿಸುತ್ತಲೇ ಇರುತ್ತೆ, ಟ್ಯಾಗ್ 'ಬದುಕಿದೆ' ಅನ್ನುತ್ತೆ. ಚಳಿಗಾಲದಲ್ಲಿ ಮಡುವಿನ ತಳ ಹಿಡಿದ ಜೀವಂತ ಮೀನಿಗೆ ಕೆಲವು ಸಲ 'ಸತ್ತಿದೆ' ಅನ್ನುತ್ತೆ. ಮೊಸಳೆ ನುಂಗಿದ ಟ್ಯಾಗ್ ಅಂತೂ ಚೆನ್ನಾಗೇ ಓಡಾಡುತ್ತೆ, ಅದರ ವಲಸೆಯ ನಕ್ಷೆಯೂ ಬರುತ್ತೆ! ಬಿಸಿಲು ಕಾಯುವ ಹೊತ್ತಿಗೆ ಸಿಗ್ನಲ್ ದಿಢೀರ್ ಜೋರಾದರೆ ಟ್ಯಾಗ್ ನೀರಿನಿಂದ ಹೊರಗಿದೆ ಅಂತಲೇ ಅರ್ಥ. ಅದು ದಡದ ಮೊಸಳೆಯ ಹೊಟ್ಟೆಯಲ್ಲಿರಬಹುದು, ನೀರುನಾಯಿ ಉಣ್ಣುವ ಬಂಡೆಯ ಮೇಲಿರಬಹುದು, ಯಾರದೋ ಅಡುಗೆಮನೆಯಲ್ಲೂ ಇರಬಹುದು.

ಹಾಗಾಗಿ ವಾರಕ್ಕೊಮ್ಮೆ ತೆಪ್ಪದಲ್ಲಿ ಕೈ ಆಂಟೆನಾ ಹಿಡಿದು ಹುಡುಕಲೇಬೇಕು. ಒಂದೇ ಬಿಂದುವಿನಲ್ಲಿ ಸತತ ನಾಲ್ಕು ಸಲ ಸಿಕ್ಕಿ, ಪ್ರವಾಹ ಬಂದರೂ ಅಲ್ಲಿಂದ ಕದಲದಿದ್ದರೆ ಸತ್ತಿದೆ ಅಥವಾ ಟ್ಯಾಗ್ ಮೈಯಿಂದ ಹೊರಬಿದ್ದಿದೆ ಅಂತ ಗುರುತು ಹಾಕಿ. ಟ್ಯಾಗ್ ಹಾಕಿದ ಮೊದಲ ಎರಡು ವಾರದ ಚಲನೆಯನ್ನ ವಲಸೆಯ ಲೆಕ್ಕಕ್ಕೆ ತಗೋಬೇಡಿ, ಬೇರೆ ಇಡಿ. ಆಗ ಕೆಳಗೆ ಜಾರುವುದು ಶಸ್ತ್ರಚಿಕಿತ್ಸೆಯ ಪರಿಣಾಮ ಆಗಿರೋದೇ ಹೆಚ್ಚು. ಪಿಟ್ ಮಾತ್ರ ಹಾಕಿದ ಮೀನುಗಳು ಮರುಹಿಡಿತದಲ್ಲಿ ಎಷ್ಟು ಸಿಕ್ಕವು, ರೇಡಿಯೋದವು ಎಷ್ಟು ಅಂತ ಹೋಲಿಸಿದರೆ ಕೊಯ್ತದ ಬೆಲೆ ಸ್ವಲ್ಪ ತಿಳಿಯುತ್ತೆ. ಆದರೆ 12 ಮೀನಿನಿಂದ ಶೇಕಡಾವಾರು ಬರೆಯೋಕೆ ಹೋಗಬೇಡಿ. 'ಹನ್ನೆರಡರಲ್ಲಿ ಐದು ಶಿಂಷಾ ಬಾಯಿ ದಾಟಿದವು' ಅಂತ ಬರೆದರೆ ಸಾಕು.

ಒಡ್ಡಿನಮೇಲೆ

ಅನುಮತಿ ವಿಷಯ ಬಿಟ್ಟುಹೋಯ್ತು. ಕಾವೇರಿ ವನ್ಯಧಾಮದೊಳಗೆ ಮೀನು ಹಿಡಿಯೋದೂ 1972ರ ವನ್ಯಜೀವಿ ಕಾಯ್ದೆಯ ವ್ಯಾಪ್ತಿಗೆ ಬರುತ್ತೆ, ವಾಪಸ್ ಬಿಟ್ಟರೂ ಅಷ್ಟೇ. ಒಳಗೆ ಹೋಗೋ ಅನುಮತಿ ಬೇರೆ, ಸಂಶೋಧನೆಗೆ ಹಿಡಿಯೋ ಅನುಮತಿ ಬೇರೆ. ನಿಮ್ಮ ಸಂಸ್ಥೆಯ ಪ್ರಾಣಿ ನೀತಿ ಸಮಿತಿ ಒಂದು ಕಡೆ, ರೇಡಿಯೋ ಫ್ರೀಕ್ವೆನ್ಸಿಗೆ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದ ಪರವಾನಗಿ ಇನ್ನೊಂದು ಕಡೆ. ಫ್ರೀಕ್ವೆನ್ಸಿ ಒಪ್ಪಿಗೆ ಬರೋ ಮೊದಲೇ ಟ್ಯಾಗ್ ತರಿಸಿದರೆ ಕಸ್ಟಮ್ಸ್‌ನಲ್ಲಿ ಕೂತಿರುತ್ತೆ, ಒಳಗಿನ ಬ್ಯಾಟರಿ ಹಳೇದಾಗ್ತಾ ಇರುತ್ತೆ. ಮೀನು ಹೊಗೇನಕಲ್ ಕಡೆ ಇಳಿದರೆ ತಮಿಳುನಾಡಿನ ಅರಣ್ಯ ಇಲಾಖೆ ಅನುಮತಿಯೂ ಬೇಕು, ಅದಕ್ಕೆ ಈಗಲೇ ಬರೆಯಿರಿ.

ಟ್ಯಾಗ್ ಮೇಲೆ ಫೋನ್ ನಂಬರ್ ಇರಲಿ, ತಂದುಕೊಟ್ಟವರಿಗೆ ಹಣ ಅಂತ ಕನ್ನಡ ತಮಿಳು ಎರಡರಲ್ಲೂ ಭಿತ್ತಿಪತ್ರ ಹಾಕಿ. ಅದನ್ನ ಯೂನಿಫಾರಂ ಹಾಕಿದವರ ಕೈಲಿ ಹಂಚಿಸಬೇಡಿ, ಯಾರೂ ಟ್ಯಾಗ್ ತರಲ್ಲ. ಮೀನುಗಾರರ ಸೊಸೈಟಿ, ತೆಪ್ಪ ನಡೆಸೋರ ಮೂಲಕ ಹೋಗಲಿ. ತಂದವರ ಮೇಲೆ ಕೇಸ್ ಹಾಕಲ್ಲ ಅಂತ ಇಲಾಖೆಯಿಂದ ಮೊದಲೇ ಬರಹದಲ್ಲಿ ತಗೊಳ್ಳಿ. ಎಂಎಸ್-222 ಬಳಸಿದ ಮೀನನ್ನ 21 ದಿನ ತಿನ್ನಬಾರದು ಅಂತ ಅಮೆರಿಕದಲ್ಲಿ ನಿಯಮ ಇದೆ. ಇಲ್ಲಿ ಬಿಟ್ಟ ಮೀನು ಮರುದಿನವೇ ಯಾರದೋ ಸಾರಿಗೆ ಬೀಳಬಹುದು. ಆ ಎಚ್ಚರಿಕೆಯನ್ನೂ ಭಿತ್ತಿಪತ್ರದಲ್ಲಿ ಸೇರಿಸಿ.

ಹೊಳೆಸಾಲು

ತುಂಬಾ ಉಪಕಾರ. ಕೊನೇದೊಂದು: ನದಿಗೆ ಇಳಿಯೋ ಮೊದಲು ಹೊಲಿಗೆ ಕಲಿಯೋಕೆ ಏನು ಮಾಡೋದು?

ಮತ್ಸ್ಯವೈದ್ಯೆ

ಮಾರುಕಟ್ಟೆಯಿಂದ ಎರಡು ಕಿಲೋಗೆ ಮೇಲಿನ ಹಸಿ ಕಾಟ್ಲಾ ತನ್ನಿ. ಅದೂ ದೊಡ್ಡ ಚಿಪ್ಪಿನ ಮೀನೇ. ಟ್ಯಾಗಿನ ಅಳತೆಯ ಕೊಳವೆಯೊಂದನ್ನು ಮೇಣದಿಂದ ಮುಚ್ಚಿ ಒಳಗಿಟ್ಟು ಹೊಲಿಯಿರಿ, ಆಮೇಲೆ ಪೂರ್ತಿ ಬಿಚ್ಚಿ ಕರುಳಿಗೆ ಬ್ಲೇಡು ತಾಗಿದೆಯೇ ನೋಡಿ. ಸೂಜಿ ರಿವರ್ಸ್ ಕಟಿಂಗ್ (ಬಾಗಿನ ಹೊರಬದಿಗೆ ಅಲಗಿರುವುದು) ಆಗಿರಲಿ, ದುಂಡು ತುದಿಯದು ಮಹಶೀರ್ ಚರ್ಮಕ್ಕೆ ಇಳಿಯುವುದಿಲ್ಲ. ಐದು ನಿಮಿಷದೊಳಗೆ ಸತತ ಹತ್ತು ಮೀನು ಚೊಕ್ಕವಾಗಿ ಬಂದ ಮೇಲೆ ಪಶುವೈದ್ಯರೊಬ್ಬರನ್ನು ಪಕ್ಕದಲ್ಲಿಟ್ಟುಕೊಂಡು ಸಾಕಣೆ ಕೊಳದ ಜೀವಂತ ಕಾಟ್ಲಾಗೆ ಮಾಡಿ, ಒಂದು ತಿಂಗಳು ಕೊಳದಲ್ಲೇ ಇಟ್ಟು ಗಾಯದ ಫೋಟೋ ವಾರವಾರ ತೆಗೆಯಿರಿ. ಸೀಳಿನ ಸುತ್ತ ಕೆಂಪು ಎರಡನೇ ವಾರಕ್ಕೂ ಇಳಿಯದಿದ್ದರೆ ಗಂಟು ಬಿಗಿಯಾಗಿದೆ ಎಂದೇ ತಿಳಿಯಿರಿ.